ಪ್ಲಾಸ್ಟಿಕ್ಕಿಗೆ ವಿದ್ಯುದಾವೇಶ ಹತ್ತುವುದು ಹೇಗೆ?

ಫೆಬ್ರುವರಿ ಮುಗಿಯುವ ಹೊತ್ತಿಗೆ ಬೆಂಗಳೂರಿನ ಗಾಳಿ ಒಣಗಿಹೋಗಿರುತ್ತದೆ. ಪಾಲಿಯೆಸ್ಟರ್ ಟೀ ಶರ್ಟನ್ನು ತಲೆಯ ಮೇಲಿಂದ ಎಳೆದು ತೆಗೆಯುವಾಗ ಚಟಚಟ ಸದ್ದಾಗುವುದು, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲಿನ ಚಿಲಕ ಮುಟ್ಟಿದರೆ ಬೆರಳಿಗೆ ಚುರ್ ಎನ್ನುವುದು, ಸಿಂಥೆಟಿಕ್ ಸೀರೆಯ ನೆರಿಗೆ ಕಾಲಿಗೆ ಅಂಟಿಕೊಂಡು ನಡೆಯಲು ತೊಡಕಾಗುವುದು, ಇವೆಲ್ಲ ಈ ದಿನಗಳಲ್ಲಿಯೇ ಹೆಚ್ಚು. ಕಾರಣವೇನೆಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ಎಲ್ಲರಿಗೂ ಬಾಯಿಪಾಠವಾಗಿದೆ: ಎರಡು ವಸ್ತುಗಳನ್ನು ಉಜ್ಜಿದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗುತ್ತವೆ, ಕಳೆದುಕೊಂಡದ್ದು ಧನಾವೇಶ ಪಡೆಯುತ್ತದೆ, ಗಳಿಸಿದ್ದು ಋಣಾವೇಶ ಪಡೆಯುತ್ತದೆ. ಲೋಹಗಳ ಮಟ್ಟಿಗೆ ಈ ಉತ್ತರಕ್ಕೆ ಹೆಚ್ಚು ತಕರಾರಿಲ್ಲ. ಆದರೆ ಪ್ಲಾಸ್ಟಿಕ್, ರಬ್ಬರು, ನೈಲಾನ್, ರೇಷ್ಮೆ, ಕೂದಲು ಮುಂತಾದ, ಸರಪಳಿಯಂಥ ಉದ್ದನೆಯ ಅಣುಗಳಿಂದಾದ ಪಾಲಿಮರ್‌ಗಳ ವಿಷಯಕ್ಕೆ ಬಂದಾಗ, ಪಠ್ಯಪುಸ್ತಕದ ಆ ಒಂದು ವಾಕ್ಯದಲ್ಲಿರುವಷ್ಟು ಖಚಿತತೆ ವಿಜ್ಞಾನಿಗಳಿಗೇ ಇಲ್ಲ. ಮನುಷ್ಯನಿಗೆ ಗೊತ್ತಾದ ವಿದ್ಯುತ್ ವಿದ್ಯಮಾನಗಳಲ್ಲಿ ಇದು ಅತ್ಯಂತ ಹಳೆಯವುಗಳಲ್ಲೊಂದು ಎಂಬುದನ್ನು ನೆನೆದರೆ ಇದು ವಿಚಿತ್ರವೆನಿಸುತ್ತದೆ. ಪ್ರಾಚೀನ ಗ್ರೀಕರು ಉಜ್ಜಿ ನೋಡಿದ ಅಂಬರ್ ಕೂಡ ಮರದ ಅಂಟು ಗಟ್ಟಿಯಾಗಿ ಉಂಟಾದ ಒಂದು ನೈಸರ್ಗಿಕ ಪಾಲಿಮರ್ರೇ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಬದಿಗಿಡಬೇಕು. ಒಂದು, ಉಜ್ಜುವುದರಿಂದ ಆವೇಶ ಹೊಸದಾಗಿ ಹುಟ್ಟುವುದಿಲ್ಲ. ಎರಡು ಮೇಲ್ಮೈಗಳ ಒಟ್ಟು ಆವೇಶ ಮೊದಲು ಸೊನ್ನೆಯಾಗಿದ್ದರೆ ಆಮೇಲೂ ಸೊನ್ನೆಯೇ. ಅದು ಎರಡು ಪಾಲಾಗಿ ಆಚೆ ಈಚೆ ಹಂಚಿಹೋಗುತ್ತದೆ, ಅಷ್ಟೆ. ಎರಡು, ಉಜ್ಜಲೇಬೇಕೆಂದೂ ಇಲ್ಲ. ಎರಡು ಮೇಲ್ಮೈಗಳು ಒಂದನ್ನೊಂದು ತಾಗಿ ಬೇರೆಯಾದರೆ ಸಾಕು. ಇದನ್ನು ಮನೆಯಲ್ಲೇ ನೋಡಬಹುದು. ಅರ್ಧ ಗೇಣಿನ ಸೆಲ್ಲೋಟೇಪ್ ತುಂಡೊಂದನ್ನು ಮೇಜಿಗೆ ಅಂಟಿಸಿ, ಅದರ ಬೆನ್ನಿನ ಮೇಲೆ ಅಷ್ಟೇ ಉದ್ದದ ಇನ್ನೊಂದು ತುಂಡನ್ನು ಅಂಟಿಸಬೇಕು. ಜೋಡಿಯನ್ನು ಒಟ್ಟಾಗಿ ಮೇಜಿನಿಂದ ಬಿಡಿಸಿಕೊಂಡು, ಅದಕ್ಕೆ ಆಗಲೇ ಹತ್ತಿರಬಹುದಾದ ಆವೇಶ ಹೋಗಲೆಂದು ಎರಡೂ ಬದಿಯನ್ನು ಬೆರಳಿನಿಂದ ಮೆಲ್ಲಗೆ ಸವರಬೇಕು. ಈಗ ಎರಡು ಪಟ್ಟಿಗಳನ್ನು ಸರಕ್ಕನೆ ಬೇರ್ಪಡಿಸಿ ಹತ್ತಿರ ತಂದರೆ ಅವು ಒಂದನ್ನೊಂದು ಸೆಳೆದುಕೊಳ್ಳುತ್ತವೆ. ಇಂಥದೇ ಇನ್ನೊಂದು ಜೋಡಿ ಮಾಡಿ, ಎರಡೂ ಜೋಡಿಯ ಕೆಳಗಿನ ಪಟ್ಟಿಗಳನ್ನು ಎದುರುಬದುರು ಹಿಡಿದರೆ ಅವು ದೂರ ಸರಿಯುತ್ತವೆ. ಇಲ್ಲಿ ಉಜ್ಜಿದ್ದು ಏನೂ ಇಲ್ಲ. ಅಂಟು ಒಂದು ಪಾಲಿಮರ್, ಅದು ತಾಗಿದ್ದ ಪಟ್ಟಿಯ ಬೆನ್ನು ಇನ್ನೊಂದು ಪಾಲಿಮರ್, ಅವು ಬೇರೆಯಾದವು, ಆವೇಶ ಇಬ್ಭಾಗವಾಯಿತು. ಇದೇ ಕೆಲಸವನ್ನು ನಿರ್ವಾತದಲ್ಲಿ ಮಾಡಿದರೆ ಕ್ಷ-ಕಿರಣವೇ ಹೊರಡುತ್ತದೆ. 2008ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೀಗೆ ಟೇಪ್ ಬಿಡಿಸಿ ಬಂದ ಕಿರಣಗಳಿಂದ ಬೆರಳಿನ ಮೂಳೆಯ ಚಿತ್ರವನ್ನೇ ತೆಗೆದು ತೋರಿಸಿದರು. ನಮ್ಮ ಮೇಜಿನ ಮೇಲೆ ಗಾಳಿ ಇರುವುದರಿಂದ ಅಂಥ ಭಯವಿಲ್ಲ.

ಹಾಗಾದರೆ ಉಜ್ಜುವುದಕ್ಕೆ ಬೆಲೆಯೇ ಇಲ್ಲವೇ? ಇದೆ. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಪ್ರತಿ ಮೇಲ್ಮೈಯೂ ಸೂಕ್ಷ್ಮದರ್ಶಕದಡಿ ಉಬ್ಬುತಗ್ಗುಗಳಿಂದ ಕೂಡಿರುತ್ತದೆ. ಒಂದರ ಮೇಲೊಂದನ್ನು ಇಟ್ಟಾಗ ನಿಜವಾಗಿ ತಾಗುವುದು ಉಬ್ಬುಗಳ ತುದಿಗಳು ಮಾತ್ರ. ಅದು ಒಟ್ಟು ವಿಸ್ತೀರ್ಣದ ತೀರ ಸಣ್ಣ ಪಾಲು. ಉಜ್ಜಿದಂತೆಲ್ಲ ಹೊಸ ಹೊಸ ತುದಿಗಳು ತಾಗಿ ಬಿಡುತ್ತವೆ, ಕೆಲವು ಚಪ್ಪಟೆಯಾಗಿ ಹೆಚ್ಚು ಜಾಗ ತಾಗುತ್ತದೆ, ಕೆಲವು ಕಿತ್ತೇ ಬರುತ್ತವೆ, ಆ ಜಾಗದಲ್ಲಿ ಕ್ಷಣಕಾಲ ಬಿಸಿಯೂ ಏರುತ್ತದೆ. ಹೀಗಾಗಿ ಘರ್ಷಣೆಯೆಂದರೆ ಬಹುಮಟ್ಟಿಗೆ ಲೆಕ್ಕವಿಲ್ಲದಷ್ಟು ಸ್ಪರ್ಶಗಳ ಮೊತ್ತ. ಬಹುಮಟ್ಟಿಗೆ ಎನ್ನಲು ಕಾರಣವಿದೆ: ಉಜ್ಜುವಾಗ ಮೇಲ್ಮೈಯ ಅಣುಗಳು ಮುರಿಯುವುದೂ ಉಂಟು, ಆ ಮಾತು ಮುಂದೆ ಬರುತ್ತದೆ.

ಇಷ್ಟು ಸಣ್ಣ ಸ್ಪರ್ಶದಿಂದ ಸಾವಿರಾರು ವೋಲ್ಟ್ ಹೇಗೆ ಬರುತ್ತದೆ ಎಂಬುದು ಹಲವರನ್ನು ಕಾಡುವ ಪ್ರಶ್ನೆ. ಲೆಕ್ಕ ಸುಲಭವಾಗಿದೆ, ಮಾಡಿ ನೋಡುವುದೇ ಒಳ್ಳೆಯದು. ಎರಡು ಹಾಳೆಗಳು ತಾಗಿ ಬಿಡುವಾಗ ಚದರ ಮೀಟರಿಗೆ 10 ಮೈಕ್ರೊಕೂಲಂಬ್‌ನಷ್ಟು ಆವೇಶ ಆಚೆ ಈಚೆ ಆಯಿತೆಂದು ಇಟ್ಟುಕೊಳ್ಳೋಣ. ಹಾಳೆಗಳ ನಡುವೆ ಒಂದು ಮೈಕ್ರೊಮೀಟರ್ ಅಂತರವಿದ್ದಾಗ ಅವುಗಳ ನಡುವಿನ ವಿಭವಾಂತರ (ವೋಲ್ಟೇಜ್) ಸುಮಾರು 1 ವೋಲ್ಟ್ ಮಾತ್ರ. ಅಂತರ ಒಂದು ಮಿಲಿಮೀಟರಾದರೆ ಅದು 1,100 ವೋಲ್ಟ್ ದಾಟುತ್ತದೆ, ಒಂದು ಸೆಂಟಿಮೀಟರಾದರೆ 11,000 ದಾಟುತ್ತದೆ. ಆವೇಶ ಒಂದಿಷ್ಟೂ ಹೆಚ್ಚಲಿಲ್ಲ. ಒಂದನ್ನೊಂದು ಸೆಳೆಯುತ್ತಿರುವ ಹಾಳೆಗಳನ್ನು ದೂರ ಎಳೆಯಲು ನಮ್ಮ ಕೈ ಮಾಡಿದ ಕೆಲಸವೇ ವೋಲ್ಟೇಜಾಗಿ ಕೂಡಿಕೊಂಡಿತು. ನಡೆದಾಡುವಾಗ ಆಗುವುದೂ ಇದೇ. ಚಪ್ಪಲಿಯ ಅಟ್ಟೆ ನೂರು ಚದರ ಸೆಂಟಿಮೀಟರಷ್ಟು ನೆಲಕ್ಕೆ ತಾಗಿ ಮೇಲೆದ್ದರೆ, ಇದೇ ದರದಲ್ಲಿ ದೇಹಕ್ಕೆ 0.1 ಮೈಕ್ರೊಕೂಲಂಬ್ ಸೇರುತ್ತದೆ. ಮನುಷ್ಯನ ದೇಹದ ಧಾರಕತೆ, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯ, ಸುಮಾರು 100 ಪಿಕೊಫ್ಯಾರಡ್ ಆದ್ದರಿಂದ ಅಷ್ಟಕ್ಕೇ 1,000 ವೋಲ್ಟ್ ಏರುತ್ತದೆ. ಸುಮಾರು 3,000 ವೋಲ್ಟ್ ದಾಟಿದ ಮೇಲೆ ಬೆರಳಿಗೆ ಚುರುಕು ಗೊತ್ತಾಗುತ್ತದೆ. ಐದು ಸಾವಿರ ವೋಲ್ಟಿನಲ್ಲೂ ದೇಹದಲ್ಲಿ ಸಂಗ್ರಹವಾಗುವ ಶಕ್ತಿ 1.25 ಮಿಲಿಜೂಲ್ ಮಾತ್ರ. ಮನುಷ್ಯನಿಗೆ ಅದರಿಂದ ಅಪಾಯವಿಲ್ಲ, ಆದರೆ ಗಾಳಿಯೊಂದಿಗೆ ಹದವಾಗಿ ಬೆರೆತ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಅದರ ಕಾಲು ಭಾಗವೇ ಸಾಕು.

ಆವೇಶ ಎಷ್ಟು ಬೇಕಾದರೂ ಏರುತ್ತ ಹೋಗಲು ಗಾಳಿ ಬಿಡುವುದಿಲ್ಲ. ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತಲುಪಿದರೆ ಗಾಳಿಯ ಅಣುಗಳೇ ಒಡೆದು ಕಿಡಿ ಹಾರುತ್ತದೆ. ಅಂಗಿ ತೆಗೆಯುವಾಗಿನ ಚಟಚಟ ಸದ್ದು ಅದೇ. ಈ ಮಿತಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಎದುರುಬದುರಾದ ಎರಡು ಹಾಳೆಗಳ ಮೇಲೆ ಉಳಿಯಬಹುದಾದ ಆವೇಶ ಚದರ ಮೀಟರಿಗೆ ಸುಮಾರು 27 ಮೈಕ್ರೊಕೂಲಂಬ್. ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಹೇಳುವುದಾದರೆ, ಮೇಲ್ಮೈಯ ಸುಮಾರು 60,000 ಪರಮಾಣುಗಳಿಗೆ ಒಂದು ಎಲೆಕ್ಟ್ರಾನ್. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ತಿಳಿದಿರಬೇಕಾದ ಅಂಕಿ ಒಂದಿದ್ದರೆ ಅದು ಇದೇ. ಚೆನ್ನಾಗಿ ತೊಳೆದು ಒರೆಸಿದ ಪ್ಲಾಸ್ಟಿಕ್ ಹಾಳೆಯ ಮೇಲೂ ಬೆರಳಿನ ಎಣ್ಣೆ, ತಯಾರಿಕೆಯಲ್ಲಿ ಬೆರೆಸಿದ ರಾಸಾಯನಿಕ, ಗಾಳಿಯ ತೇವ, ಬಿಸಿಲಿಗೆ ಉತ್ಕರ್ಷಣಗೊಂಡ ಜಾಗ ಇವೆಲ್ಲ ಇದ್ದೇ ಇರುತ್ತವೆ. ಅರವತ್ತು ಸಾವಿರಕ್ಕೆ ಒಂದರಂತೆ ನಡೆಯುವ ವ್ಯವಹಾರದಲ್ಲಿ, ಅರವತ್ತು ಸಾವಿರಕ್ಕೆ ಒಂದರಷ್ಟು ಕಲ್ಮಶವಿದ್ದರೂ ಫಲಿತಾಂಶ ತಲೆಕೆಳಗಾಗಬಹುದು. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಸಿಗದೆ ಈ ಕ್ಷೇತ್ರ ದಶಕಗಟ್ಟಲೆ ಒದ್ದಾಡಿದ್ದಕ್ಕೆ ಇದೊಂದು ಮುಖ್ಯ ಕಾರಣ.

ಪಾಲಿಮರ್‌ಗಳೇ ಏಕೆ ಇಷ್ಟು ಸುಲಭವಾಗಿ ಆವೇಶ ಹಿಡಿದುಕೊಳ್ಳುತ್ತವೆ? ಲೋಹಗಳೂ ತಾಗಿ ಬಿಟ್ಟಾಗ ಎಲೆಕ್ಟ್ರಾನುಗಳನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಆದರೆ ಅಲ್ಲಿ ಎಲೆಕ್ಟ್ರಾನುಗಳು ಮುಕ್ತವಾಗಿ ಓಡಾಡುವುದರಿಂದ, ಬೇರೆಯಾಗುವ ಕೊನೆಯ ಗಳಿಗೆಯಲ್ಲಿ ಇನ್ನೂ ತಾಗಿರುವ ಒಂದು ಬಿಂದುವಿನ ಮೂಲಕ ಬಹುಪಾಲು ಹಿಂದಿರುಗಿಬಿಡುತ್ತವೆ. ಅಳಿದುಳಿದದ್ದೂ ನಮ್ಮ ಕೈಯಿಂದ ನೆಲಕ್ಕೆ ಹರಿದು ಹೋಗುತ್ತದೆ. ಪಾಲಿಮರ್ ಎಂದರೆ ಸಾವಿರಾರು ಸಣ್ಣ ಘಟಕಗಳು ಸಾಲಾಗಿ ಬೆಸೆದ ಉದ್ದನೆಯ ಅಣು. ಅದರ ಎಲೆಕ್ಟ್ರಾನುಗಳು ಪರಮಾಣುಗಳ ನಡುವಿನ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಮೇಲ್ಮೈಯ ಒಂದು ಜಾಗಕ್ಕೆ ಬಂದ ಆವೇಶ ಅಲ್ಲೇ ಕೂರುತ್ತದೆ. 10ರ 15ನೇ ಘಾತ ಓಮ್-ಮೀಟರ್ ರೋಧಶೀಲತೆ (ವಿದ್ಯುತ್ ಹರಿಯದಂತೆ ತಡೆಯುವ ಗುಣದ ಅಳತೆ) ಇರುವ ಪಾಲಿಥೀನ್ ಹಾಳೆಯಲ್ಲಿ ಆವೇಶದ ಸುಮಾರು ಮೂರನೇ ಎರಡು ಭಾಗ ಸೋರಿಹೋಗಲು ಐದೂವರೆ ಗಂಟೆ ಬೇಕಾಗುತ್ತದೆ. ಉಜ್ಜಿಟ್ಟ ಪ್ಲಾಸ್ಟಿಕ್ ಸ್ಕೇಲಿಗೆ ಎಷ್ಟೋ ಹೊತ್ತಿನ ಮೇಲೂ ಕಾಗದದ ಚೂರು ಹತ್ತುವುದು ಇದರಿಂದಲೇ.

ಇಲ್ಲಿಯೇ ತೊಡಕು ಶುರುವಾಗುವುದು. ಪಾಲಿಥೀನಿನಲ್ಲಿ ಒಂದು ಎಲೆಕ್ಟ್ರಾನನ್ನು ಬಂಧದಿಂದ ಬಿಡಿಸಿ ಓಡಾಡುವಂತೆ ಮಾಡಲು 8 ಎಲೆಕ್ಟ್ರಾನ್-ವೋಲ್ಟಿಗಿಂತ ಹೆಚ್ಚು ಶಕ್ತಿ ಬೇಕು. ಕೋಣೆಯ ಉಷ್ಣತೆ ಒದಗಿಸುವುದು 0.025 ಎಲೆಕ್ಟ್ರಾನ್-ವೋಲ್ಟ್ ಮಾತ್ರ. ಆವೇಶ ಹರಿಯದಂತೆ ತಡೆಯುವ ಗುಣವೇ ಆವೇಶ ದಾಟದಂತೆಯೂ ತಡೆಯಬೇಕಲ್ಲವೇ? ಹಾಗಿದ್ದರೆ ದಾಟಿದ್ದಾದರೂ ಏನು? ಈ ಪ್ರಶ್ನೆಗೆ ಮೂರು ಉತ್ತರಗಳಿವೆ, ಮೂರಕ್ಕೂ ಪ್ರಯೋಗಗಳ ಬೆಂಬಲವಿದೆ.

ಎಲೆಕ್ಟ್ರಾನುಗಳೇ ದಾಟುತ್ತವೆ ಎನ್ನುವವರ ವಾದ ಹೀಗಿದೆ. ಪಾಲಿಮರ್ ಸರಪಳಿಯ ನಡುಭಾಗ ಬಿಗಿಯಾಗಿರಬಹುದು, ಆದರೆ ಮೇಲ್ಮೈಯಲ್ಲಿ ಸರಪಳಿಯ ತುದಿಗಳು, ಮುರಿದ ಬಂಧಗಳು, ಆಮ್ಲಜನಕ ಸೇರಿಕೊಂಡ ಜಾಗಗಳು ಇರುತ್ತವೆ. ಇಂಥ ಕಡೆ ಎಲೆಕ್ಟ್ರಾನ್ ಬಂದು ಕೂರಲು ಅಥವಾ ಅಲ್ಲಿಂದ ಹೊರಡಲು ಅಷ್ಟು ಶಕ್ತಿ ಬೇಕಿಲ್ಲ. ಅರವತ್ತು ಸಾವಿರಕ್ಕೆ ಒಂದು ಜಾಗ ಸಿಕ್ಕರೆ ಸಾಕೆಂಬುದನ್ನು ನೆನಪಿಟ್ಟರೆ ಈ ವಾದ ದುರ್ಬಲವೇನಲ್ಲ. 2008ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಲಿಯು ಮತ್ತು ಬಾರ್ಡ್ ಅವರು ಟೆಫ್ಲಾನನ್ನು ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಉಜ್ಜಿ, ಅದನ್ನು ತಾಮ್ರ ಹಾಗೂ ಪಲ್ಲೇಡಿಯಂ ಅಯಾನುಗಳಿದ್ದ (ಅಯಾನು ಎಂದರೆ ಆವೇಶ ಹೊತ್ತ ಪರಮಾಣು ಅಥವಾ ಅಣು) ದ್ರಾವಣಗಳಲ್ಲಿ ಅದ್ದಿದಾಗ ಟೆಫ್ಲಾನಿನ ಮೇಲೆ ಆ ಲೋಹಗಳು ಕೂತವು. ಅಯಾನು ಲೋಹವಾಗಬೇಕಾದರೆ ಅದಕ್ಕೆ ಎಲೆಕ್ಟ್ರಾನ್ ಸಿಗಬೇಕು. ಆದ್ದರಿಂದ ಟೆಫ್ಲಾನಿನ ಮೇಲೆ ಇದ್ದದ್ದು ಎಲೆಕ್ಟ್ರಾನುಗಳೇ ಎಂಬುದು ಅವರ ತೀರ್ಮಾನ.

ಅದೇ ವರ್ಷ ಹಾರ್ವರ್ಡ್‌ನ ಮೆಕಾರ್ಟಿ ಮತ್ತು ವೈಟ್‌ಸೈಡ್ಸ್ ಬೇರೊಂದು ಪಕ್ಷ ಹಿಡಿದರು. ಅವರ ಪ್ರಕಾರ ಅನೇಕ ಪಾಲಿಮರ್‌ಗಳಲ್ಲಿ ದಾಟುವುದು ಅಯಾನುಗಳು. ಕೆಲವು ಪಾಲಿಮರ್‌ಗಳ ಸರಪಳಿಗೆ ಒಂದು ಬಗೆಯ ಅಯಾನು ಭದ್ರವಾಗಿ ಬೆಸೆದಿರುತ್ತದೆ, ಅದರ ಜೋಡಿ ಅಯಾನು ಸಡಿಲವಾಗಿರುತ್ತದೆ. ಇಂಥ ಮೇಲ್ಮೈ ಇನ್ನೊಂದಕ್ಕೆ ತಾಗಿದಾಗ ಸಡಿಲವಾದದ್ದು ಆಚೆ ಹೋಗಿ, ಬೆಸೆದದ್ದು ಇಲ್ಲೇ ಉಳಿಯುತ್ತದೆ. ಇಂಥ ಪಾಲಿಮರ್‌ಗಳನ್ನು ಬೇಕೆಂದೇ ತಯಾರಿಸಿ ನೋಡಿದರೆ, ಆವೇಶದ ಚಿಹ್ನೆ ಯಾವುದಿರುತ್ತದೆಂದು ಮೊದಲೇ ಹೇಳಬಹುದು. ಅಯಾನುಗಳೇ ಇಲ್ಲದ ಪಾಲಿಥೀನ್, ಟೆಫ್ಲಾನ್‌ಗಳ ವಿಷಯದಲ್ಲಿ ಅವರು ಬೆರಳು ತೋರಿಸಿದ್ದು ನೀರಿನ ಕಡೆಗೆ: ಗಾಳಿಯಲ್ಲಿರುವ ಪ್ರತಿ ಮೇಲ್ಮೈಯ ಮೇಲೂ ನೀರಿನ ತೆಳುವಾದ ಪದರವಿರುತ್ತದೆ, ಆ ನೀರಿನ ಹೈಡ್ರಾಕ್ಸೈಡ್ ಅಯಾನುಗಳು ಒಂದು ಮೇಲ್ಮೈಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಮುಳುಗಿಸಿದ ಪ್ಲಾಸ್ಟಿಕ್‌ಗಳ ಮೇಲ್ಮೈ ಸಾಮಾನ್ಯವಾಗಿ ಋಣಾವೇಶ ತೋರುವುದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಆದರೆ ನೀರಿನ ಪಸೆ ಇಲ್ಲದ ನಿರ್ವಾತದಲ್ಲೂ ಪಾಲಿಮರ್‌ಗಳಿಗೆ ಆವೇಶ ಹತ್ತುತ್ತದೆಯಾದ್ದರಿಂದ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ.

ಮೂರನೆಯ ಉತ್ತರ ಎಲ್ಲಕ್ಕಿಂತ ಒರಟು: ವಸ್ತುವೇ ದಾಟುತ್ತದೆ. ಎರಡು ಪಾಲಿಮರ್‌ಗಳು ತಾಗಿ ಬಿಡುವಾಗ ಒಂದರ ಕಣಗಳು ಕಿತ್ತು ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತವೆ, ಮೆತ್ತಿದ ತುಣುಕಿನ ಜೊತೆ ಅದರ ಆವೇಶವೂ ಹೋಗುತ್ತದೆ. ಕೀಳುವಾಗ ಸರಪಳಿಯ ಬಂಧಗಳು ಮುರಿಯುತ್ತವೆ. ಬಂಧದ ಎರಡೂ ಎಲೆಕ್ಟ್ರಾನುಗಳು ಒಂದೇ ಕಡೆ ಉಳಿದರೆ ಅಯಾನುಗಳು, ಆಚೆಗೊಂದು ಈಚೆಗೊಂದು ಉಳಿದರೆ ರ‍್ಯಾಡಿಕಲ್ ಎಂಬ ಚುರುಕಾದ ತುಂಡುಗಳು ಉಂಟಾಗುತ್ತವೆ. ಮೇಲೆ ಹೇಳಿದ ಟೆಫ್ಲಾನಿನ ಪ್ರಯೋಗದಲ್ಲಿ ಲೋಹವನ್ನು ಕೂರಿಸಿದ್ದು ಎಲೆಕ್ಟ್ರಾನುಗಳಲ್ಲ, ಈ ರ‍್ಯಾಡಿಕಲ್‌ಗಳೇ ಎಂದು ಶಿಕಾಗೊ ಬಳಿ ಇರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಗ್ರಿಬೋವ್‌ಸ್ಕಿ ಅವರ ತಂಡ 2012ರಲ್ಲಿ ವಾದಿಸಿತು. ಒಂದೇ ಪ್ರಯೋಗ, ಎರಡು ಓದು. ಅದೇ ವಿಶ್ವವಿದ್ಯಾಲಯದ ಇನ್ನೊಂದು ತಂಡ 2019ರಲ್ಲಿ ಮತ್ತೊಂದು ಎಳೆಯನ್ನು ಸೇರಿಸಿತು: ತಾಗುವ ಉಬ್ಬುಗಳು ಒತ್ತಡಕ್ಕೆ ಸಿಕ್ಕಿ ಬಾಗುವಾಗ ಆ ಬಾಗುವಿಕೆಯಿಂದಲೇ ಅಲ್ಲಿ ಕೆಲವು ವೋಲ್ಟ್‌ಗಳ ವ್ಯತ್ಯಾಸ ಏಳುತ್ತದೆ, ಆವೇಶವನ್ನು ತಳ್ಳಲು ಅದು ಸಾಕು. ಏನು ದಾಟುತ್ತದೆ ಎಂಬುದಕ್ಕಿಂತ ಏಕೆ ದಾಟುತ್ತದೆ ಎಂಬುದಕ್ಕೆ ಇದು ಉತ್ತರ. ಮೂರರಲ್ಲಿ ಯಾವುದೋ ಒಂದೇ ನಿಜ, ಉಳಿದವು ಸುಳ್ಳು ಎಂಬ ಹಟ ಇಲ್ಲಿ ಪ್ರಯೋಜನಕ್ಕೆ ಬಾರದು. ಪಾಲಿಮರ್ ಯಾವುದು, ಗಾಳಿ ಎಷ್ಟು ಒಣಗಿದೆ, ಮೆಲ್ಲಗೆ ತಾಗಿತೋ ಬಲವಾಗಿ ಉಜ್ಜಿತೋ ಎಂಬುದನ್ನು ನೋಡಿ ಮೂರರ ಪಾಲು ಹೆಚ್ಚುಕಡಿಮೆಯಾಗುತ್ತದೆ ಎಂದು ತಿಳಿಯುವುದೇ ಸದ್ಯಕ್ಕೆ ನ್ಯಾಯ.

ಗ್ರಿಬೋವ್‌ಸ್ಕಿ ತಂಡವೇ 2011ರಲ್ಲಿ ಇನ್ನೊಂದು ಹಳೆಯ ಕಲ್ಪನೆಯನ್ನು ಅಲುಗಾಡಿಸಿತ್ತು. ಆವೇಶ ಹತ್ತಿದ ಪಾಲಿಮರ್ ಹಾಳೆಯೊಂದು ಪೂರ್ತಿ ಧನ, ಇನ್ನೊಂದು ಪೂರ್ತಿ ಋಣ ಎಂದು ಎಲ್ಲರೂ ನಂಬಿದ್ದರು. ಮೇಲ್ಮೈಯ ವಿಭವವನ್ನು ನ್ಯಾನೊಮೀಟರ್ ಮಟ್ಟದಲ್ಲಿ ಅಳೆಯುವ ಸೂಕ್ಷ್ಮದರ್ಶಕದಿಂದ ನೋಡಿದಾಗ ಪ್ರತಿ ಹಾಳೆಯ ಮೇಲೂ ಧನ ಮತ್ತು ಋಣದ ತೇಪೆಗಳು ಅಕ್ಕಪಕ್ಕ ಬೆರೆತುಹೋಗಿದ್ದವು. ನಾವು ಹೊರಗಿನಿಂದ ಅಳೆಯುವ ಆವೇಶ ಈ ತೇಪೆಗಳ ಕೂಡು-ಕಳೆಯ ಬಾಕಿ. ತೇಪೆಗಳಲ್ಲಿ ಇರುವ ಆವೇಶ ಆ ಬಾಕಿಗಿಂತ ಎಷ್ಟೋ ಹೆಚ್ಚು.

ಇಷ್ಟೆಲ್ಲ ತಿಳಿದ ಮೇಲೆ, ಭೌತವಿಜ್ಞಾನದ ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ಮುದ್ರಿಸುವ ಘರ್ಷಣ ವಿದ್ಯುತ್ ಶ್ರೇಣಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ. ಇಂಥ ಮೊದಲ ಪಟ್ಟಿಯನ್ನು 1757ರಲ್ಲಿ ಭೌತವಿಜ್ಞಾನಿ ವಿಲ್ಕೆ ಪ್ರಕಟಿಸಿದರು. ಪಟ್ಟಿಯ ಮೇಲ್ತುದಿಯಲ್ಲಿರುವುದು ಕೆಳಗಿನದಕ್ಕೆ ತಾಗಿದರೆ ಧನಾವೇಶ ಪಡೆಯುತ್ತದೆ ಎಂಬುದು ಅದರ ನಿಯಮ. ಕೂದಲು, ಉಣ್ಣೆ, ನೈಲಾನ್ ಮೇಲೆ ಇರುತ್ತವೆ. ಪಾಲಿಥೀನ್, ಪಿವಿಸಿ ಕೆಳಗೆ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಟೆಫ್ಲಾನ್. ಇದರಲ್ಲಿ ರಸಾಯನಶಾಸ್ತ್ರದ ಒಂದು ಎಳೆ ಕಾಣುವುದು ನಿಜ: ಸಾರಜನಕದ ಗುಂಪುಗಳಿರುವ ಪಾಲಿಮರ್‌ಗಳು ಧನದ ಕಡೆಗೆ, ಫ್ಲೋರಿನ್ ಅಥವಾ ಕ್ಲೋರಿನ್ ಇರುವವು ಋಣದ ಕಡೆಗೆ ವಾಲುತ್ತವೆ. ಆದರೆ ಶ್ರೇಣಿ ಎಂದಮೇಲೆ ಅದು ಮೇಲಿಂದ ಕೆಳಕ್ಕೆ ಒಂದೇ ಸಾಲಾಗಿರಬೇಕು. ರೇಷ್ಮೆ, ಗಾಜು, ಸತು ಈ ಮೂರು ಒಂದು ಸುತ್ತಾಗಿ ನಿಂತು ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲಾಗದಂತೆ ಮಾಡಿದ ದಾಖಲೆಯಿದೆ. ಒಂದೇ ವಸ್ತುವಿನ ಎರಡು ತುಂಡುಗಳು ತಾಗಿದರೂ ಆವೇಶ ಹತ್ತುತ್ತದೆ. ಪಟ್ಟಿಯ ಪ್ರಕಾರ ಅದು ಆಗಬಾರದು.

ಈ ಕೊನೆಯ ಒಗಟಿಗೆ 2025ರಲ್ಲಿ ಆಸ್ಟ್ರಿಯಾದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಒಂದು ಸುಳಿವು ಕೊಟ್ಟರು. ಒಂದೇ ಬಗೆಯ ಸಿಲಿಕೋನ್ ರಬ್ಬರಿನ ತುಂಡುಗಳನ್ನು ಜೋಡಿಜೋಡಿಯಾಗಿ ತಾಗಿಸಿ ನೋಡಿದಾಗ ಮೊದಮೊದಲು ಯಾವುದಕ್ಕೆ ಯಾವ ಆವೇಶ ಬರುತ್ತದೆಂದು ಹೇಳಲಾಗುತ್ತಿರಲಿಲ್ಲ. ಸುಮಾರು 200 ಸಲ ತಾಗಿಸಿದ ಮೇಲೆ ತುಂಡುಗಳು ತಾವಾಗಿ ಒಂದು ಶ್ರೇಣಿಯಲ್ಲಿ ನಿಂತವು: ಹೆಚ್ಚು ಸಲ ತಾಗಿದ್ದ ತುಂಡು ಕಡಿಮೆ ಸಲ ತಾಗಿದ್ದಕ್ಕೆ ಎದುರಾದಾಗ ತಪ್ಪದೆ ಋಣವಾಗುತ್ತಿತ್ತು. ಹುಡುಕಿದಾಗ ಅವುಗಳಲ್ಲಿ ಕಂಡ ಬದಲಾವಣೆ ಒಂದೇ. ತಾಗಿ ತಾಗಿ ನ್ಯಾನೊಮೀಟರ್ ಮಟ್ಟದ ಉಬ್ಬುತಗ್ಗು ನುಣುಪಾಗಿತ್ತು. ಅಂದರೆ ಪಾಲಿಮರ್ ತುಂಡಿಗೆ ಯಾವ ಆವೇಶ ಬರುತ್ತದೆ ಎಂಬುದು ಅದು ಏನೆಂಬುದರ ಮೇಲಷ್ಟೇ ಅಲ್ಲ, ಅಲ್ಲಿಯವರೆಗೆ ಅದು ಏನೇನು ಕಂಡಿದೆ ಎಂಬುದರ ಮೇಲೂ ನಿಂತಿದೆ.

ಇನ್ನು ತೇವಾಂಶದ ವಿಚಾರ. ಬೇಸಿಗೆಯ ಆರಂಭದಲ್ಲಿ ಬೆಂಗಳೂರಿನ ಮಧ್ಯಾಹ್ನದ ಸಾಪೇಕ್ಷ ಆರ್ದ್ರತೆ ಎಷ್ಟೋ ದಿನ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಆಗ ಪ್ಲಾಸ್ಟಿಕ್ಕಿನ ಮೇಲಿನ ನೀರಿನ ಪದರ ತೀರ ತೆಳುವಾಗಿ, ಆವೇಶ ಹರಿದುಹೋಗಲು ದಾರಿಯಿಲ್ಲದಂತಾಗುತ್ತದೆ. ಆರ್ದ್ರತೆ ಶೇ 60 ದಾಟಿದರೆ ಪದರ ಒಂದಕ್ಕೊಂದು ಕೂಡಿಕೊಂಡು, ಅದರಲ್ಲಿ ಕರಗಿದ ಲವಣಗಳ ಸಹಾಯದಿಂದ ಆವೇಶ ಬೇಗ ಸೋರಿಹೋಗುತ್ತದೆ. ಇದೇ ಅಂಗಿ, ಇದೇ ಕುರ್ಚಿಯನ್ನು ಮಂಗಳೂರಿಗೆ ಒಯ್ದರೆ ಶಾಕ್ ಹೊಡೆಯುವುದು ಅಪರೂಪ. ಹವಾನಿಯಂತ್ರಣವಿರುವ ಐಟಿ ಕಚೇರಿಗಳಲ್ಲಿ ಎ.ಸಿ. ಗಾಳಿಯ ನೀರನ್ನು ಹಿಂಡಿ ತೆಗೆಯುತ್ತದೆ, ನೆಲಕ್ಕೆ ನೈಲಾನ್ ಕಾರ್ಪೆಟ್ ಹಾಸಿರುತ್ತಾರೆ, ಬೂಟಿನ ಅಟ್ಟೆ ರಬ್ಬರಿನದು. ಲಿಫ್ಟಿನ ಗುಂಡಿ ಒತ್ತುವಾಗ ಕೈ ಹಿಂದಕ್ಕೆಳೆದುಕೊಳ್ಳುವವರು ಅಲ್ಲಿ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಮನುಷ್ಯರಿಗೆ ಇದು ಕಿರಿಕಿರಿಯಷ್ಟೇ, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಮಾತ್ರ ಪ್ರಾಣಸಂಕಟ. ಚಿಪ್ಪಿನೊಳಗಿನ ಟ್ರಾನ್ಸಿಸ್ಟರಿನ ನಿರೋಧಕ ಪದರ ಕೆಲವೇ ನ್ಯಾನೊಮೀಟರ್ ದಪ್ಪವಿರುವುದರಿಂದ, ನಮ್ಮ ಬೆರಳಿಗೆ ಗೊತ್ತೇ ಆಗದ ನೂರಿನ್ನೂರು ವೋಲ್ಟ್ ಕೂಡ ಸೂಕ್ಷ್ಮವಾದ ಬಿಡಿಭಾಗವನ್ನು ಕೆಡಿಸಬಲ್ಲದು. ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಸರ್ಕ್ಯೂಟ್ ಬೋರ್ಡ್ ಜೋಡಿಸುವವರು ಮುಂಗೈಗೆ ಪಟ್ಟಿ ಕಟ್ಟಿ ತಂತಿಯನ್ನು ಅರ್ತಿಂಗಿಗೆ ಜೋಡಿಸಿಕೊಂಡಿರುವುದು ಇದಕ್ಕಾಗಿ. ತಂತಿಯಲ್ಲಿ ಸಾಮಾನ್ಯವಾಗಿ 10 ಲಕ್ಷ ಓಮ್‌ನ ರೋಧಕವಿರುತ್ತದೆ, ಅಕಸ್ಮಾತ್ ಕರೆಂಟಿನ ತಂತಿ ಮುಟ್ಟಿದರೂ ಜೀವಕ್ಕೆ ಅಪಾಯವಾಗದಿರಲೆಂದು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ರ‍್ಯಾಮ್ ಕೊಂಡರೆ ಅದು ಬೆಳ್ಳಿಬಣ್ಣದ ಅಥವಾ ಗುಲಾಬಿ ಬಣ್ಣದ ಕವರಿನಲ್ಲಿರುತ್ತದೆ. ಬೆಳ್ಳಿ ಕವರಿನಲ್ಲಿ ಲೋಹದ ತೆಳುಪದರವಿದ್ದು ಹೊರಗಿನ ಕ್ಷೇತ್ರವನ್ನು ತಡೆಯುತ್ತದೆ. ಗುಲಾಬಿ ಕವರು ಮಾಮೂಲಿ ಪಾಲಿಥೀನೇ. ಅದರಲ್ಲಿ ಬೆರೆಸಿದ ಸಾಬೂನಿನ ಜಾತಿಯ ರಾಸಾಯನಿಕ ನಿಧಾನವಾಗಿ ಮೇಲ್ಮೈಗೆ ಒಸರಿ ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ. ಒಣಹವೆಯಲ್ಲಿ ಸೆಳೆಯಲು ತೇವವೇ ಇರುವುದಿಲ್ಲವಾದ್ದರಿಂದ, ಅದರ ರಕ್ಷಣೆ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ಅದು ಸೊರಗುತ್ತದೆ. ಗ್ರಿಬೋವ್‌ಸ್ಕಿ ತಂಡ 2013ರಲ್ಲಿ ತೋರಿಸಿದ ಉಪಾಯ ಬೇರೆ ದಾರಿಯದು. ಮುರಿದ ಬಂಧಗಳ ರ‍್ಯಾಡಿಕಲ್‌ಗಳು ಪಕ್ಕದ ಆವೇಶವನ್ನು ಕದಲದಂತೆ ಹಿಡಿದಿಡುತ್ತವೆಂದು ಕಂಡುಕೊಂಡ ಅವರು, ರ‍್ಯಾಡಿಕಲ್‌ಗಳನ್ನು ನುಂಗುವ ವಿಟಮಿನ್ ಇ ಯನ್ನು ಪಾಲಿಮರ್ರಿಗೆ ಸೇರಿಸಿದರು. ಆವೇಶ ಬೇಗನೆ ಕಳೆದುಹೋಯಿತು.

ಆವೇಶ ಬೇಕೆಂದೇ ಹತ್ತಿಸಿಕೊಳ್ಳುವ ಕಡೆಗಳೂ ಇವೆ. ಬೆರೆತ ಪ್ಲಾಸ್ಟಿಕ್ ಕಸದ ಚೂರುಗಳನ್ನು ಉರುಳಿಸಿ ಒಂದಕ್ಕೊಂದು ಉಜ್ಜುವಂತೆ ಮಾಡಿ, ಧನವಾದದ್ದನ್ನೂ ಋಣವಾದದ್ದನ್ನೂ ವಿದ್ಯುತ್ ಕ್ಷೇತ್ರದಲ್ಲಿ ಬೇರೆಬೇರೆ ಕಡೆ ಬೀಳಿಸಿದರೆ ಪಿವಿಸಿಯನ್ನು ಪೆಟ್ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಪ್ರತ್ಯೇಕಿಸಬಹುದು. ನಾವು ದಿನವೂ ಕಾಣುವ ಉದಾಹರಣೆ ಎಂದರೆ ಅವೆನ್ಯೂ ರಸ್ತೆಯಿಂದ ಹಿಡಿದು ಪ್ರತಿ ಕಾಲೇಜಿನ ಎದುರಿಗೂ ಇರುವ ಜೆರಾಕ್ಸ್ ಅಂಗಡಿ. ಟೋನರ್ ಎಂಬ ಕಪ್ಪು ಪುಡಿ ಕೇವಲ 5ರಿಂದ 10 ಮೈಕ್ರೊಮೀಟರಿನ ಪ್ಲಾಸ್ಟಿಕ್ ಕಣಗಳು. ದೊಡ್ಡ ಯಂತ್ರಗಳಲ್ಲಿ ಅವು ಲೇಪಿತ ಫೆರೈಟ್ ಮಣಿಗಳ ಜೊತೆ ಕಲಕಿಕೊಂಡು, ತಾಗಿ ತಾಗಿ ಆವೇಶ ಪಡೆಯುತ್ತವೆ, ಆಮೇಲೆ ಡ್ರಮ್ಮಿನ ಮೇಲೆ ಅಕ್ಷರಗಳಿರುವ ಕಡೆಗೆ ಮಾತ್ರ ಹೋಗಿ ಅಂಟುತ್ತವೆ. ಮಳೆಗಾಲದಲ್ಲಿ ಗಾಳಿ ಒದ್ದೆಯಾದರೆ ಕಣಗಳಿಗೆ ಸಾಕಷ್ಟು ಆವೇಶ ಹತ್ತುವುದಿಲ್ಲ, ಹತ್ತಿದ್ದೂ ನಿಲ್ಲುವುದಿಲ್ಲ. ಆಗ ಹಿಡಿತ ಸಡಿಲವಾದ ಪುಡಿ ಬಿಳಿಯ ಜಾಗದಲ್ಲೂ ಬಿದ್ದು ಪ್ರತಿಯ ಹಿನ್ನೆಲೆ ಮಸುಕು ಬೂದಿಯಾಗುತ್ತದೆ.